ಎದ್ದು ಹೋದವಳು

ಫೆಬ್ರವರಿ ೩

ದೊಡ್ಡಮ್ಮ,

ಒಂದೇ ಊರಿನಲ್ಲಿದ್ದುಕೊಂಡು ಕಾಗದ ಬರೆದು ಅಂಚೆಗೆ ಹಾಕುವುದನ್ನು ಕಂಡು ನಮ್ಮ ಪ್ರೆಸ್ಸಿನಲ್ಲಿ ಎಲ್ಲರೂ ನಗುತ್ತಾರೆ. ನಡೆದರೆ ನಿನ್ನ ಮನೆ ಇಪ್ಪತ್ತು ನಿಮಿಷ. ಆದರೆ ಎದುರಿಗೆ ಕೂತರೆ ನೀನು ಊಟ ಬಡಿಸಿ ನನ್ನ ಬಾಯಿ ಮುಚ್ಚಿಸುತ್ತೀಯ. ಕಾಗದದ ಮೇಲೆ ಆ ಆಟ ನಡೆಯುವುದಿಲ್ಲ.

ಸೋಮವಾರ ನಿಮ್ಮ ಪರಿಷತ್ತಿನ ಸಭೆ. ದುಡಿಯುವ ಹೆಂಗಸರಿಗೆ ವಿಶ್ವವಿದ್ಯಾಲಯದಲ್ಲಿ ಸಂಜೆ ತರಗತಿ ತೆರೆಯಬೇಕೋ ಬೇಡವೋ ಎಂದು ಅಂದು ತೀರ್ಮಾನವಾಗುತ್ತದೆ. ಎರಡು ವರ್ಷದಿಂದ ನೀನೇ ಬರೆದು, ಹರಿದು, ಮತ್ತೆ ಬರೆದ ಯೋಜನೆ. ನಿನಗೆ ನೆನಪಿಸಬೇಕಾಗಿಲ್ಲ. ಆದರೂ ನೆನಪಿಸುತ್ತೇನೆ, ಏಕೆಂದರೆ ಅಧಿಕಾರದ ಕುರ್ಚಿಗೆ ಮರೆವಿನ ರೋಗ ಅಂಟಿರುತ್ತದೆ ಎಂದು ಓದಿದ್ದೇನೆ. ಎಲ್ಲಿ ಎಂದು ಕೇಳಬೇಡ. ಮೂವತ್ತೆರಡು ಪುಟದ ಪುಸ್ತಿಕೆ, ಮುಖಪುಟ ಹರಿದುಹೋಗಿದೆ.

ನಮ್ಮ ಬೈಂಡಿಂಗ್ ಅಕ್ಕನನ್ನು ನೀನು ನೋಡಿಲ್ಲ. ಹನ್ನೊಂದು ವರ್ಷದಿಂದ ನಿಮ್ಮಲ್ಲಿ ಪದವಿ ಪಡೆದವರ ಪ್ರಬಂಧಗಳಿಗೆ ರಟ್ಟು ಹಾಕಿ, ಅವರ ಹೆಸರುಗಳನ್ನು ಹೊನ್ನಿನ ಬಣ್ಣದಲ್ಲಿ ಒತ್ತುತ್ತಿದ್ದಾಳೆ. ಮೊನ್ನೆ ಅಂಟಿನ ಕೈ ಒರೆಸಿಕೊಳ್ಳುತ್ತ, "ಏ ಕಿಡಿ, ಆ ಸಂಜೆ ಕ್ಲಾಸಿಗೆ ವಯಸ್ಸು ಎಷ್ಟಿರಬೇಕೇ?" ಎಂದು ಕೇಳಿದಳು.

"ಉಸಿರಿದ್ರೆ ಸಾಕು" ಎಂದೆ.

"ಹಾಗಾದ್ರೆ ನನ್ನ ಹೆಸರು ಬರ್ಕೋ. ಮೊದಲನೇದಾಗೇ ಬರ್ಕೋ. ಇಷ್ಟು ವರ್ಷ ಪುಸ್ತಕದ ಬೆನ್ನು ತಟ್ಟಿದ್ದಾಯ್ತು, ಇನ್ನು ಅದರ ಹೊಟ್ಟೇಲಿ ಏನಿದೆ ನೋಡ್ಬೇಕು."

ಬರೆದುಕೊಂಡಿದ್ದೇನೆ. ಆ ಹೆಸರು ಈಗ ನಿನ್ನ ಕೈಯಲ್ಲಿದೆ.

ನಿನ್ನ
ಕಿಡಿ

•

ಫೆಬ್ರವರಿ ೬

ಕಿಡಿ,

ಮರೆವಿನ ರೋಗ ಇನ್ನೂ ಬಂದಿಲ್ಲ. ಬಂದ ದಿನ ನಿನ್ನ ಪುಸ್ತಿಕೆಯನ್ನೇ ಔಷಧಿಯೆಂದು ತರಿಸಿಕೊಳ್ಳುತ್ತೇನೆ.

ಲೆಕ್ಕ ಹೀಗಿದೆ. ಪರಿಷತ್ತಿನಲ್ಲಿ ಹದಿನಾರು ಗಂಡಸರು, ಮೇಲೆ ನಾನು. ಎಂಟು ಜನ ನಮ್ಮ ಕಡೆ, ಎಂಟು ಜನ ಗಣಿತದ ಹಿರಿಯ ಮೇಷ್ಟ್ರ ಕಡೆ. ಎರಡೂ ಕಡೆ ಸಮವಾದರೆ ಅಧ್ಯಕ್ಷರ ಮತವೇ ಕೊನೆಯ ಮಾತು. ಆ ಮತ ನನ್ನದು. ನಾನು ಅಲ್ಲಿ ಕೂತಿದ್ದರೆ ಸಾಕು, ಕೆಲಸ ಆಯಿತು. ನಿನ್ನ ಬೈಂಡಿಂಗ್ ಅಕ್ಕನಿಗೆ ಪೆನ್ಸಿಲ್ ಚೂಪು ಮಾಡಿಟ್ಟುಕೊಳ್ಳಲು ಹೇಳು.

ಇಲ್ಲಿಯ ತಮಾಷೆ ಕೇಳು. 'ಕುಲಪತಿ' ಎಂಬ ಪದಕ್ಕೆ ಸ್ತ್ರೀಲಿಂಗ ಏನೆಂದು ಭಾಷಾ ವಿಭಾಗದವರು ಎರಡು ವರ್ಷದಿಂದ ತಲೆ ಕೆರೆದುಕೊಳ್ಳುತ್ತಿದ್ದಾರೆ. 'ಕುಲಪತ್ನಿ' ಎಂದರೆ ಯಾರದೋ ಹೆಂಡತಿಯಾಗಿಬಿಡುತ್ತೇನೆ, ಇರುವುದೇ ಇರಲಿ ಬಿಡಿ ಎಂದೆ. ನಮ್ಮ ಮಹಡಿಯ ಜವಾನ ಗಂಟೆಯಣ್ಣ ಮಾತ್ರ ತಾನೇ ದಾರಿ ಹುಡುಕಿಕೊಂಡಿದ್ದಾನೆ. 'ಸಾರ್ ಅಮ್ಮ' ಅನ್ನುತ್ತಾನೆ.

ಸಭೆಯ ಕುರ್ಚಿಯ ಹಿಂಗಾಲು ಒಂದು ಗಿಡ್ಡ. ದೂರು ಕೊಟ್ಟರೆ ಹೆಂಗಸಿನ ನಖರಾ ಎಂದಾರು. ಹಳೇ ಆಮಂತ್ರಣವೊಂದನ್ನು ಮಡಿಸಿ ಕೆಳಗಿಟ್ಟಿದ್ದೇನೆ. ನಿನ್ನೆಯಿಂದ ಸ್ವಲ್ಪ ಜ್ವರ. ಹೆಚ್ಚು ನೀರು ಕುಡಿಯಬೇಕೆಂದು ಡಾಕ್ಟರು ಈ ವರ್ಷ ಮೂರನೇ ಸಲ ಬೈದರು. ಸಭೆ ಮುಗಿಯಲಿ, ನೋಡೋಣ.

ದೊಡ್ಡಮ್ಮ

•

ಫೆಬ್ರವರಿ ೧೪

ಮಾನ್ಯ ಕುಲಪತಿಗಳೇ,

ನಾಲ್ಕು ದಿನ ಕಾದೆ. ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ಪರಿಷತ್ತಿನ ನಡಾವಳಿ ಮಾತ್ರ ಅಚ್ಚಿಗೆ ನಮ್ಮ ಪ್ರೆಸ್ಸಿಗೇ ಬಂತು. ಕರಡು ತಿದ್ದಲು ಅದು ನನ್ನ ಮೇಜಿಗೇ ಬರಬೇಕೇ!

'ಮತದಾನಕ್ಕೆ ಮುನ್ನ ಕುಲಪತಿಗಳು ದೂರವಾಣಿ ಕರೆಯೊಂದರ ನಿಮಿತ್ತ ಎದ್ದು ಹೋದರು. ಹಿಂದಿರುಗಲಿಲ್ಲ. ಹಿರಿಯ ಸದಸ್ಯರಾದ ಗಣಿತ ಪ್ರಾಧ್ಯಾಪಕರು ಅಧ್ಯಕ್ಷತೆ ವಹಿಸಿದರು. ಮತಗಳು ಸಮವಾದ್ದರಿಂದ ಅಧ್ಯಕ್ಷರ ಮತದ ಮೂಲಕ ಯೋಜನೆಯನ್ನು ಕೈಬಿಡಲಾಯಿತು.'

ಈ ನಾಲ್ಕು ವಾಕ್ಯಗಳಲ್ಲಿ ಒಂದೂ ಅಕ್ಷರದೋಷವಿರಲಿಲ್ಲ. ಹಾಗೇ ಅಚ್ಚಿಗೆ ಬಿಟ್ಟೆ.

ಬೈಂಡಿಂಗ್ ಅಕ್ಕನಿಗೆ ಓದಿ ಹೇಳಿದೆ. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದಳು, ತೆಗೆದು ಕತ್ತರಿಗಳ ಡಬ್ಬಿಗೆ ಹಾಕಿದಳು. ಆಮೇಲೆ, "ಬಿಡೇ, ದೊಡ್ಡವರಿಗೆ ದೊಡ್ಡ ಫೋನು ಬರುತ್ತೆ" ಎಂದಳು.

ಯಾರ ಫೋನು? ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದವರದ್ದೇ? ಕೂತಿದ್ದರೆ ಸಾಕು ಎಂದು ನೀವೇ ಬರೆದಿದ್ದಿರಿ. ಅಷ್ಟೂ ಆಗಲಿಲ್ಲವೇ?

ಭಾನುವಾರ ಊಟಕ್ಕೆ ಬರುವುದಿಲ್ಲ.

ಇತಿ,
ಕರಡು ತಿದ್ದುವವಳು

•

ಫೆಬ್ರವರಿ ೨೭

ಕಿಡಿ,

ಕರಪತ್ರ ನನಗೂ ಸಿಕ್ಕಿತು. ಗ್ರಂಥಾಲಯದ ಗೋಡೆಯ ಮೇಲೆ, ಬಸ್ ನಿಲ್ದಾಣದಲ್ಲಿ, ನನ್ನ ಮನೆಯ ಎದುರಿನ ಕಂಬದ ಮೇಲೆ. ಅಂಟು ಬಹಳ ಗಟ್ಟಿ. 'ಎದ್ದು ಹೋದವಳು' ಎಂದು ದಪ್ಪಕ್ಷರದ ತಲೆಬರಹ. ಕೆಳಗೆ, 'ಫೋನು ಕರೆಯಿತು, ಹೆದರಿ ಎದ್ದು ಹೋದಳು. ಮೊದಲ ಮಹಿಳಾ ಕುಲಪತಿಯಂತೆ! ಮೊದಲು ಓಡಿದವಳು ಎನ್ನಿರಿ. ಕೂರಲು ಬಾರದವಳು ಕುರ್ಚಿ ಡೊಂಕು ಅಂದಳಂತೆ.' ಸಹಿಯ ಜಾಗದಲ್ಲಿ 'ನೊಂದ ಸಹೋದರಿ'.

ಊರಿಗೆಲ್ಲ ಗೊತ್ತಿರುವ ಗಾದೆ ಕುಣಿಯಲು ಬಾರದವಳು ನೆಲ ಡೊಂಕು ಅಂದಳು ಎಂದು. ನಿನಗೆ ಐದು ವರ್ಷ ಇದ್ದಾಗ ನಿನ್ನಜ್ಜಿ ಹಾಗೆ ಹೇಳಿದ್ದನ್ನು ಕೇಳಿಸಿಕೊಂಡು, ನಾನು ಕುರ್ಚಿಯ ಕೆಳಗೆ ಕಾಗದ ತುರುಕುತ್ತಿದ್ದಾಗ, "ಕೂರಕ್ಕೆ ಬಾರ್ದವ್ಳು ಕುರ್ಚಿ ಡೊಂಕು" ಎಂದು ನೀನು ಚಪ್ಪಾಳೆ ತಟ್ಟಿ ಕುಣಿದಿದ್ದೆ. ನಿನ್ನಮ್ಮ ಇದ್ದಳು ಆಗ. ಮೂರು ದಿನ ನಕ್ಕೆವು. ಆ ಗಾದೆ ಹೀಗೆ ತಪ್ಪಾಗಿ ಗೊತ್ತಿರುವವರು ಈಗ ಲೋಕದಲ್ಲಿ ಇಬ್ಬರೇ. ಒಬ್ಬಳು ನಾನು.

ಸಿಟ್ಟಿಲ್ಲ. ಏಕವಚನದಲ್ಲಿ ಬರೆದದ್ದಕ್ಕೂ ಬೇಸರವಿಲ್ಲ, ಮನೆಯಲ್ಲಿ ಅದನ್ನೇ ಕಲಿಸಿದ್ದೆ. ನಾನು ಎದ್ದು ಹೋದದ್ದು ನಿಜ, ಹಿಂದಿರುಗದಿದ್ದದ್ದೂ ನಿಜ. ಕಾರಣ ಹೇಳುವಂಥದ್ದಲ್ಲ.

ದೊಡ್ಡಮ್ಮ

•

ಮಾರ್ಚ್ ೪

ದೊಡ್ಡಮ್ಮ,

ಹೌದು, ನಾನೇ ಬರೆದೆ. ನಾನೇ ಅಚ್ಚಿನ ಮೊಳೆ ಜೋಡಿಸಿದೆ, ನಾನೇ ನಾನ್ನೂರು ಪ್ರತಿ ಒತ್ತಿದೆ, ಅಂಟು ಬೈಂಡಿಂಗ್ ಅಕ್ಕನದು. ಗಾದೆಯ ಬಾಲ ಹಿಡಿದು ಕಳ್ಳಿಯನ್ನು ಪತ್ತೆ ಮಾಡಿದ್ದಕ್ಕೆ ಮೆಚ್ಚಿದೆ. ಆದರೆ ಕಳ್ಳಿ ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು.

'ಕಾರಣ ಹೇಳುವಂಥದ್ದಲ್ಲ.' ಈ ಮಾತನ್ನು ನಾನು ನೂರು ಕಡೆ ಓದಿದ್ದೇನೆ. ಬಾಗಿಲು ಮುಚ್ಚಿ ಒಪ್ಪಂದ ಮಾಡಿಕೊಂಡ ಪ್ರತಿಯೊಬ್ಬರೂ ಹೊರಗೆ ಬಂದು ಹೇಳುವ ಮಾತು ಇದೇ. ನೀನು ಅವರಂತಲ್ಲ ಎಂದು ನಂಬಿ ಬೆಳೆದೆನಲ್ಲ, ಅದಕ್ಕೆ ನನ್ನ ಮೇಲೇ ನನಗೆ ಸಿಟ್ಟು. ಶಾಲೆಯಲ್ಲಿ ದೊಡ್ಡವಳಾದ ಮೇಲೆ ಏನಾಗುತ್ತೀ ಎಂದಾಗ 'ನಮ್ಮ ದೊಡ್ಡಮ್ಮ' ಎಂದು ಬರೆದಿದ್ದೆ. ಆ ಉತ್ತರ ಹೊಡೆದುಹಾಕಿದ್ದೇನೆ.

ಸತ್ಯಕ್ಕೆ ಬಾಯಿದೆ. ಬಾಯಿ ಮುಚ್ಚಿಕೊಂಡದ್ದು ಸತ್ಯವಲ್ಲ.

ಕಿಡಿ

•

ಮಾರ್ಚ್ ೨೧

ದೊಡ್ಡಮ್ಮ,

ಈ ಕಾಗದವನ್ನು ಮೂರು ಸಲ ಹರಿದೆ. ಕರಪತ್ರ ಬರೆಯುವಾಗ ಒಂದು ಸಲವೂ ಹರಿದಿರಲಿಲ್ಲ.

ನಿನ್ನೆ ವಾರ್ಷಿಕ ವರದಿಯ ಕಟ್ಟುಗಳನ್ನು ಹೊತ್ತುಕೊಂಡು ನಾನೂ ಬೈಂಡಿಂಗ್ ಅಕ್ಕನೂ ನಿಮ್ಮ ಕಚೇರಿಗೆ ಬಂದಿದ್ದೆವು. ನೀನು ಹೊರಗೆ ಹೋಗಿದ್ದೆ. ನಾನು ಬೇಕೆಂದೇ ಆ ಹೊತ್ತು ನೋಡಿ ಬಂದಿದ್ದೆ. ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಅಕ್ಕನಿಗೆ ಬಚ್ಚಲಿಗೆ ಅವಸರವಾಗಿತ್ತು. ಸಭಾಂಗಣದ ಪಕ್ಕದಲ್ಲೇ ಒಂದು ಬಾಗಿಲು ಇತ್ತು, ಮೇಲೆ ಹಿತ್ತಾಳೆ ಹಲಗೆ, 'ಪರಿಷತ್ತಿನ ಸದಸ್ಯರಿಗೆ ಮಾತ್ರ'. ಒಳಗಿನಿಂದ ಒಬ್ಬ ಗಂಡಸು ಕೈ ಒರೆಸಿಕೊಳ್ಳುತ್ತ ಬಂದ.

"ಹೆಂಗಸರದ್ದು ಎಲ್ಲಣ್ಣ?" ಎಂದು ಅಕ್ಕ ಗಂಟೆಯಣ್ಣನನ್ನು ಕೇಳಿದಳು.

"ಈ ಮಹಡೀಲಿ ಇಲ್ಲಮ್ಮ. ಕೆಳಗೂ ಇಲ್ಲ. ಅಂಗಳ ದಾಟಿ ರಸಾಯನ ವಿಭಾಗದ ಹಿಂದೆ ಹೋಗ್ಬೇಕು, ಹುಡುಗೀರಿಗೆ ಅಂತ ಕಟ್ಟಿರೋದು."

"ಅಯ್ಯೋ ದೇವ್ರೇ. ಮತ್ತೆ ನಿಮ್ಮ ದೊಡ್ಡ ಅಮ್ಮಾವ್ರು?"

"ಸಾರ್ ಅಮ್ಮಾನೂ ಅಲ್ಲಿಗೇ ಹೋಗೋದು. ಹೋಗೋದೇ ಇಲ್ಲ ಅನ್ನಿ. ಬೆಳಗ್ಗೆ ಎಂಟರ ಮೇಲೆ ಒಂದು ತೊಟ್ಟು ನೀರು ಮುಟ್ಟಲ್ಲ. ನಾನು ಲೋಟ ಇಡ್ತೀನಿ, ಸಂಜೆ ತುಂಬಿದ ಲೋಟ ವಾಪಸ್ ತಗೊಂಡು ಹೋಗ್ತೀನಿ. ನಾನು ಈ ಕಟ್ಟಡಕ್ಕೆ ಬಂದ ಹದಿನೈದು ವರ್ಷದಿಂದ ಇದೇ."

"ಆವತ್ತು ಸಭೆ ದಿನ ಫೋನ್ ಬಂದಿತ್ತಂತಲ್ಲ?" ಎಂದು ನಾನು ಕೇಳಿದೆ.

ಗಂಟೆಯಣ್ಣ ನನ್ನ ಮುಖ ನೋಡಿದ. "ಈ ಮಹಡಿ ಫೋನು ಕೆಟ್ಟು ಆಗ್ಲೇ ವಾರ ಆಗಿತ್ತಮ್ಮ" ಎಂದಷ್ಟೇ ಹೇಳಿ ಕಟ್ಟುಗಳನ್ನು ಎಣಿಸತೊಡಗಿದ.

ನಾನು ಇಳಿದೆ. ಮೆಟ್ಟಿಲು ಅರವತ್ತೆರಡು. ಅಂಗಳ, ಗಾಜಿನ ಶೀಷೆಗಳ ಉಗ್ರಾಣ, ಆಚೆ ಒಂದು ತಗಡಿನ ಬಾಗಿಲು. ಹೋಗಿ ಬರಲು ಹನ್ನೆರಡು ನಿಮಿಷ. ನಾನು ಇಪ್ಪತ್ಮೂರರ ಹುಡುಗಿ, ಜ್ವರವಿಲ್ಲದವಳು.

ಹಿಂದಿರುಗುವಾಗ ದಾರಿಯಲ್ಲಿ ಅಕ್ಕ ಒಂದೇ ಮಾತು ಅಂದಳು. "ಹೆಣ್ಣಾಗಿ ನಿನಗೆ ಇದು ಹೊಳೀಲೇ ಇಲ್ವಲ್ಲೇ. ನನಗೂ ಹೊಳೀಲಿಲ್ಲ ನೋಡು."

ಲೋಕದ ಅನ್ಯಾಯಗಳ ಪಟ್ಟಿ ನನಗೆ ಬಾಯಿಪಾಠ. ನೀರಿಲ್ಲದೆ ಒಣಗಿದ ನಿನ್ನ ತುಟಿಯನ್ನು ಹದಿನೆಂಟು ವರ್ಷ ಪ್ರತಿ ಸಂಜೆ ನೋಡಿದೆ. ಮನೆಗೆ ಬಂದವಳೇ ನೀನು ಚೀಲ ಇಡದೆ ನೇರ ಬಚ್ಚಲ ಕಡೆ ಓಡುತ್ತಿದ್ದೆ. 'ದೊಡ್ಡಮ್ಮ ರೈಲು ಬಂತು, ದಾರಿ ಬಿಡಿ' ಎಂದು ನಾನು ಹಾಡು ಕಟ್ಟಿದ್ದೆ.

ನಾಚಿಕೆಗೆ ಮುಖ ಎಲ್ಲಿಡಲಿ, ತಿಳಿಯುತ್ತಿಲ್ಲ. ಹೊಸ ಕರಪತ್ರ ಹಾಕುತ್ತೇನೆ. ಎಲ್ಲವನ್ನೂ ಬರೆಯುತ್ತೇನೆ, ಆ ಹಿತ್ತಾಳೆ ಹಲಗೆ, ಮೆಟ್ಟಿಲು, ತಗಡಿನ ಬಾಗಿಲು, ಎಲ್ಲ. ಒಪ್ಪಿಗೆ ಕೊಡು.

ಕಿಡಿ

•

ಮಾರ್ಚ್ ೨೫

ಕಿಡಿ,

ಬೇಡ. ಕೈ ಮುಗಿಯುತ್ತೇನೆ, ಬೇಡ. ನನ್ನ ಒಳಗಿನ ಸುದ್ದಿಯನ್ನು ಗೋಡೆಗೆ ಅಂಟಿಸಬೇಡ. ಹೇಡಿ ಎಂದು ಜನ ಓದಿದರೆ ತಡೆದುಕೊಳ್ಳಬಲ್ಲೆ.

ನಿನಗೆ ಇಷ್ಟು ತಿಳಿದಿದೆ, ಉಳಿದದ್ದನ್ನು ನಾನೇ ಹೇಳಿಬಿಡುತ್ತೇನೆ. ಬೇರೆ ಯಾರಿಗೂ ಹೇಳುವುದಿಲ್ಲ. ಗಣಿತದ ಮೇಷ್ಟ್ರು ಒಂದೂವರೆ ಗಂಟೆ ಮಾತಾಡಿದರು. ನಾನು ಐದು ನಿಮಿಷ ಬಿಡುವು ಕೇಳಿದೆ. "ಏಕೆ ಮೇಡಂ? ಮತ ಮುಗಿಸಿಯೇ ಏಳೋಣ" ಎಂದರು. ಏಕೆ ಎಂದು ಹೇಳಬೇಕಾಗಿತ್ತು. ಹದಿನಾರು ಜೊತೆ ಕಣ್ಣುಗಳು. ಬಾಯಿಗೆ ಬಂದದ್ದು ಫೋನು. ಹಾಗೆಂದು ಎದ್ದೆ. ಅರವತ್ತೆರಡು ಮೆಟ್ಟಿಲು ಎಣಿಸಿದೆಯಲ್ಲ, ನಾನು ಐವತ್ತನೆಯದರಲ್ಲಿ ಸೋತೆ.

ಆ ಬಟ್ಟೆಯಲ್ಲಿ ಮತ್ತೆ ಹತ್ತಿ ಹೋಗಿ ಮತ ಹಾಕಬಹುದಿತ್ತೇ? ನಿನ್ನ ಪುಸ್ತಿಕೆಗಳಲ್ಲಿ ಹೋರಾಟಗಾರ್ತಿಯರು ಹತ್ತಿರುತ್ತಿದ್ದರೋ ಏನೋ. ನಾನು ಶೀಷೆಗಳ ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಗಂಟೆಯಣ್ಣ ಒಂದು ಬಕೆಟ್ ನೀರು ತಂದು ಮೆಟ್ಟಿಲ ಮೇಲೆ ಸುರಿದು, "ನೆಲ ಒರೆಸ್ತಾ ಇದೀನಿ, ಜಾರೀತು, ಹುಷಾರು!" ಎಂದು ಕೂಗಿದ್ದು ಕೇಳಿಸಿತು. ಇವತ್ತಿನವರೆಗೂ ಅವನು ಆ ಮಾತೆತ್ತಿಲ್ಲ. ನಾನೂ ಅವನ ಮುಖ ನೋಡಿ ಮಾತಾಡಿಲ್ಲ.

ಆದರೆ ನನ್ನ ನಿಜವಾದ ನಾಚಿಕೆ ಅದಲ್ಲ. ಆ ಕಟ್ಟಡಕ್ಕೆ ಬಂದು ಮೂವತ್ತೊಂದು ವರ್ಷ. ಎರಡು ವರ್ಷದಿಂದ ಸಹಿ ಹಾಕುವ ಪೆನ್ನು ನನ್ನ ಕೈಯಲ್ಲಿದೆ. ಪ್ರಯೋಗಾಲಯಕ್ಕೆ ಹಾಕಿದೆ, ವಾಹನ ನಿಲ್ಲಿಸುವ ಜಾಗಕ್ಕೆ ಹಾಕಿದೆ, ತೋಟದ ಕಾರಂಜಿಗೂ ಹಾಕಿದೆ. ಒಂದು ಬಾಗಿಲಿಗೆ ಹಾಕಲಿಲ್ಲ. ಹಾಕಬೇಕಾದರೆ ಆ ಪದವನ್ನು ಸಭೆಯಲ್ಲಿ ಉಚ್ಚರಿಸಬೇಕಿತ್ತು. ಮೊದಲನೆಯವಳು ಎಂದು ಹಾರ ಹಾಕಿಸಿಕೊಂಡೆ. ಎರಡನೆಯವಳು ಬಂದರೆ ಎಲ್ಲಿಗೆ ಹೋಗುತ್ತಾಳೆ ಎಂದು ಯೋಚಿಸಲಿಲ್ಲ.

ಅಧ್ಯಕ್ಷರು ಮತದಾನಕ್ಕೆ ಇಲ್ಲದಿದ್ದರೆ, ನಿಜವಾದ ಕಾರಣವನ್ನು ನಡಾವಳಿಯಲ್ಲಿ ಬರೆಸಿದ ಮೇಲೆ, ವಿಷಯವನ್ನು ಒಂದು ಸಲ ಮತ್ತೆ ಮತಕ್ಕೆ ಹಾಕಬಹುದೆಂಬ ನಿಯಮವಿದೆ. ಏಪ್ರಿಲ್ ಸಭೆಯೇ ಕೊನೆ. ನಿಯಮ ನನಗೆ ಮೊದಲ ದಿನದಿಂದ ಗೊತ್ತು. ನನ್ನಿಂದ ಆಗದು. ನಿನ್ನ ಬೈಂಡಿಂಗ್ ಅಕ್ಕನಿಗೆ ಮುಖ ತೋರಿಸಲಾರೆ. ಹಾಗೆಂದು ಅವಳಿಗೆ ಹೇಳು.

ದೊಡ್ಡಮ್ಮ

•

ಏಪ್ರಿಲ್ ೫

ದೊಡ್ಡಮ್ಮ,

ನಿನ್ನ ಗುಟ್ಟು ನನ್ನಲ್ಲಿದೆ, ನನ್ನಲ್ಲೇ ಇರುತ್ತದೆ. ಏಪ್ರಿಲ್ ಸಭೆಯ ಬಗ್ಗೆ ಏನನ್ನೂ ಕೇಳುವುದಿಲ್ಲ. ಕೇಳುವ ಬಾಯಿಯನ್ನು ಫೆಬ್ರವರಿಯಲ್ಲೇ ಕಳೆದುಕೊಂಡೆ.

ಕರಪತ್ರಗಳನ್ನು ಕೀಳುತ್ತಿದ್ದೇನೆ. ನಾಲ್ಕು ದಿನದಿಂದ, ಕೆಲಸ ಬಿಟ್ಟ ಮೇಲೆ, ಒಂದು ಹಳೇ ಸಟ್ಟುಗ ಹಿಡಿದು. ಅರ್ಧವೂ ಮುಗಿದಿಲ್ಲ. ಬೈಂಡಿಂಗ್ ಅಕ್ಕ ಜೊತೆಗೆ ಬರುತ್ತಾಳೆ, "ನನ್ನ ಅಂಟು ಕಣೇ, ಗೋಡೆ ಬಂದೀತು, ಕಾಗದ ಬರಲ್ಲ" ಎಂದು ಹೆಮ್ಮೆಯಿಂದ ಹೇಳಿ ತಾನೂ ಕೆರೆಯುತ್ತಾಳೆ. ಬಸ್ ನಿಲ್ದಾಣದಲ್ಲಿ ಮುದುಕರೊಬ್ಬರು, "ಚೆನ್ನಾಗಿ ಬರೆದಿದ್ರಲ್ಲಮ್ಮ, ಯಾಕೆ ಕೀಳ್ತೀರಾ?" ಎಂದರು. ಅಷ್ಟು ಹೊಗಳಿಕೆಯನ್ನು ಮೊದಲು ಕೇಳಿದ್ದರೆ ಒಂದು ವಾರ ನೆಲ ಮುಟ್ಟದೆ ನಡೆಯುತ್ತಿದ್ದೆ. ನಿನ್ನೆ ಕತ್ತು ಎತ್ತಲಾಗಲಿಲ್ಲ.

ಕಿತ್ತಲ್ಲೆಲ್ಲ ಒಂದು ಚೀಟಿ ಹಚ್ಚಿದ್ದೇನೆ. ಪುಸ್ತಕದಲ್ಲಿ ತಪ್ಪು ನುಸುಳಿದರೆ ಕೊನೆಗೆ ತಿದ್ದುಪಡಿಯ ಹಾಳೆ ಅಂಟಿಸುತ್ತೇವಲ್ಲ, ಹಳಬರು ಅದನ್ನು ಒಪ್ಪೋಲೆ ಅನ್ನುತ್ತಾರೆ. ನಿನ್ನ ಒಳಗಿನದು ಅದರಲ್ಲಿ ಒಂದಕ್ಷರವೂ ಇಲ್ಲ. ನನ್ನದು ಮಾತ್ರ ಇದೆ.

ತಪ್ಪು: ಹೆದರಿ ಎದ್ದು ಹೋದಳು.
ಒಪ್ಪು: ಎದ್ದು ಹೋದರು. ಏಕೆಂದು ಬರೆದವಳು ಕೇಳಲಿಲ್ಲ.
ತಪ್ಪು: ನೊಂದ ಸಹೋದರಿ.
ಒಪ್ಪು:

ಇಲ್ಲಿ ನನ್ನ ಪೂರ್ತಿ ಹೆಸರು, ಪ್ರೆಸ್ಸಿನ ವಿಳಾಸ. ಬೇರೆಯವರ ಮಾನ ಕಳೆಯಲು ಸಹಿ ಬೇಕಿರಲಿಲ್ಲ ನೋಡು. ಮಾಲೀಕರು ಚೀಟಿ ಕೈಯಲ್ಲಿ ಹಿಡಿದು, "ನಿನ್ನ ಪ್ರಾಮಾಣಿಕತೆಗೆ ನನ್ನ ಪ್ರೆಸ್ಸಿನ ವಿಳಾಸವೇ ಬೇಕಿತ್ತೇನಮ್ಮ? ನಾಳೆಯಿಂದ ಕರಡು ಬೇಡ, ಗೋದಾಮಿನಲ್ಲಿ ಕಾಗದ ಎಣಿಸು" ಎಂದರು. ಎಣಿಸುತ್ತಿದ್ದೇನೆ.

ಅಕ್ಕನಿಗೆ ನೀನು ಮುಖ ತೋರಿಸಲಾರೆ ಅಂದದ್ದನ್ನು ಹೇಳಿದೆ. "ಹೋಗೇ, ಅವರು ಮುಖ ತೋರಿಸದಿದ್ರೆ ಬೇಡ. ಮೊದಲು ಒಂದು ಲೋಟ ನೀರು ಕುಡೀಲಿ ಅಂತ ಬರಿ" ಎಂದಳು. ಬರೆದಿದ್ದೇನೆ.

ಕಿಡಿ

•

ಏಪ್ರಿಲ್ ೧೯

ಕಿಡಿ,

ನಿನ್ನ ಒಪ್ಪೋಲೆಯನ್ನು ನನ್ನ ಮನೆಯ ಎದುರಿನ ಕಂಬದ ಮೇಲೆ ದಿನಾ ಎರಡು ಸಲ ಓದಿದೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಅದರಲ್ಲಿ ನಿನ್ನ ಹೆಸರು ಮಳೆಗೆ ಸ್ವಲ್ಪ ಕದಡಿದೆ. ಹತ್ತು ದಿನವಾದ ಮೇಲೆ ನನಗೆ ಅದರ ಎದುರು ನಡೆಯುವುದೇ ಕಷ್ಟವಾಯಿತು.

ನಿನ್ನೆ ಸಭೆ. ಮೊದಲು ಹೋದ ಸಲದ ನಡಾವಳಿಗೆ ತಿದ್ದುಪಡಿ. ನಾನು ಬರೆದುಕೊಟ್ಟ ಚೀಟಿಯನ್ನು ಕುಲಸಚಿವರು ಓದತೊಡಗಿದರು. "ದೂರವಾಣಿ ಕರೆ ಎಂಬುದು ನಿಜವಲ್ಲ. ಕುಲಪತಿಗಳು..." ಅಲ್ಲಿಗೆ ನಿಂತರು. ಕೆಮ್ಮಿದರು. ಕನ್ನಡಕ ಒರೆಸಿದರು. "ಮೇಡಂ, ಇಲ್ಲಿ ಅಕ್ಷರ ಸರಿಯಾಗಿ ಕಾಣ್ತಿಲ್ಲ" ಎಂದರು. ಮಣಿಯಂಥ ಅಕ್ಷರದಲ್ಲಿ ಬರೆದಿದ್ದೆ.

"ಕೊಡಿ, ನಾನೇ ಓದ್ತೀನಿ" ಎಂದೆ.

ಓದಿದೆ. ಕುಲಪತಿಗಳು ಶೌಚಾಲಯಕ್ಕೆಂದು ಎದ್ದು ಹೋಗಿದ್ದರು. ಈ ಮಹಡಿಯಲ್ಲಿ ಅವರು ಹೋಗಬಹುದಾದ ಶೌಚಾಲಯವಿಲ್ಲ. ಇರುವ ಜಾಗಕ್ಕೆ ಅರವತ್ತೆರಡು ಮೆಟ್ಟಿಲು. ಇದುವರೆಗೆ ಕುಲಪತಿಗಳು ಇದನ್ನು ಹೇಳಿರಲಿಲ್ಲ, ಅದು ಅವರ ತಪ್ಪು.

ಐವತ್ತನೆಯ ಮೆಟ್ಟಿಲನ್ನು ಹೇಳಲಿಲ್ಲ. ಅದು ನಿನಗೂ ಗಂಟೆಯಣ್ಣನಿಗೂ ನನಗೂ ಇರಲಿ.

ಯಾರೋ ಬಾಯಿಗೆ ಕರವಸ್ತ್ರ ಹಿಡಿದು ನಕ್ಕರು. ಗಣಿತದ ಮೇಷ್ಟ್ರು ಮೇಜನ್ನೇ ನೋಡುತ್ತ, "ಇದನ್ನೆಲ್ಲ ದಾಖಲೆಯಲ್ಲಿ ಬರೀಬೇಕೇನ್ರೀ?" ಎಂದರು.

"ಬರೀಬೇಕು ಮೇಷ್ಟ್ರೇ. ನೀವು ಆವತ್ತು ಏಕೆ ಅಂತ ಕೇಳಿದ್ರಿ. ಉತ್ತರ ಕೊಡೋದು ಎರಡು ತಿಂಗಳು ತಡ ಆಯ್ತು, ಅಷ್ಟೇ."

ಗಂಟೆಯಣ್ಣ ಎಂದಿನಂತೆ ಲೋಟ ತಂದಿಟ್ಟ. ಎಲ್ಲರ ಎದುರಿಗೆ ಪೂರ್ತಿ ಕುಡಿದೆ. ಅವನು ಖಾಲಿ ಲೋಟ ತೆಗೆದುಕೊಂಡು ಹೋಗಿ ಮತ್ತೆ ತುಂಬಿಸಿ ತಂದ. ಅದನ್ನೂ ಕುಡಿದೆ. ಗಣಿತದ ಮೇಷ್ಟ್ರು ಈ ಸಲ ಕೇವಲ ಇಪ್ಪತ್ತು ನಿಮಿಷ ಮಾತಾಡಿದರು.

ಮತ ಮತ್ತೆ ಎಂಟಕ್ಕೆ ಎಂಟು. ನಾನು ಓದಿದ್ದರಿಂದ ಯಾರ ಮನಸ್ಸೂ ಬದಲಾಗಿಲ್ಲ ಎಂಬುದು ನಿನಗೆ ತಿಳಿದಿರಲಿ. ನಾನು ಕೂತಿದ್ದೆ, ಅಷ್ಟೇ. ಸಂಜೆ ತರಗತಿ ಜುಲೈಗೆ ಶುರು. ಬೈಂಡಿಂಗ್ ಅಕ್ಕನ ಪೆನ್ಸಿಲನ್ನು ಕತ್ತರಿ ಡಬ್ಬಿಯಿಂದ ತೆಗೆಸು.

ನಿನ್ನ ಒಪ್ಪೋಲೆಯಲ್ಲಿ 'ಹೋದರು' ಎಂಬ ಬಹುವಚನ ಬೇಕಿರಲಿಲ್ಲ. ಭಾನುವಾರ ಊಟಕ್ಕೆ ಬಂದಾಗ ಅದನ್ನು ತಿದ್ದೋಣ. ಆ ಕುರ್ಚಿ ಈಗ ಅಲ್ಲಾಡುವುದಿಲ್ಲ. ಅದರ ಕಾಲಿನ ಕೆಳಗೆ ಎಂಟು ಮಡಿಕೆಯಲ್ಲಿ ನಿನ್ನ ಕರಪತ್ರವಿದೆ. ಕಾಗದ ಒಳ್ಳೆಯದು ಹಾಕಿದ್ದೀ.

ಮತ ಹಾಕಿದ ಮೇಲೂ ಇನ್ನೂ ನಾಲ್ಕು ವಿಷಯಗಳು ಬಾಕಿ ಇದ್ದವು. ಎರಡು ಲೋಟ ನೀರು ತನ್ನ ಕೆಲಸ ಮಾಡಿತ್ತು. "ಹನ್ನೆರಡು ನಿಮಿಷ ಬೇಕು, ಕಾಯಿರಿ" ಎಂದೆ. ಏಕೆಂದು ಯಾರೂ ಕೇಳಲಿಲ್ಲ, ಹದಿನಾರು ಜನಕ್ಕೂ ಗೊತ್ತಿತ್ತು. ಮುಖ ಸುಟ್ಟಹಾಗಾಯಿತು, ಕಿವಿಯ ತುದಿಯವರೆಗೂ.

ಆದರೂ ಎದ್ದು ಹೋದೆ.

ದೊಡ್ಡಮ್ಮ